ಹೊಳೆಗೆ ಹತ್ತಿ ಹೋಗುವ ಊರು: ಅಪ್ಪ ಅಮ್ಮನೊಂದಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕು ರಾತ್ರಿ

ಆರು ತಿಂಗಳಿಗೆಂದು ಹ್ಯೂಸ್ಟನ್‌ಗೆ ಬಂದ ಅಪ್ಪ ಅಮ್ಮನಿಗೆ ಮೂರನೇ ತಿಂಗಳಿಗೇ ಮನೆ ಸಾಕಾಗಿತ್ತು. ಪಾಂಡವಪುರದ ಹತ್ತಿರ ಕಬ್ಬು ಬೆಳೆದು, ಇಪ್ಪತ್ತು ವರ್ಷ ಸ್ವಂತ ಆಲೆಮನೆ ನಡೆಸಿದ ಅಪ್ಪ ಇಲ್ಲಿ ದಿನಕ್ಕೆ ನಾಲ್ಕು ಸಲ ಅಂಚೆಪೆಟ್ಟಿಗೆ ತೆಗೆದು ನೋಡುವ ಸ್ಥಿತಿಗೆ ಬಂದಿದ್ದರು. ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು. ಪರಿಚಯದವರೆಲ್ಲ ನಯಾಗರಾ ಎಂದರು, ಒರ್ಲಾಂಡೊ ಎಂದರು. ನಾನು ನ್ಯೂ ಆರ್ಲಿಯನ್ಸ್ ಎಂದಾಗ ಒಬ್ಬರು ನಕ್ಕೇ ಬಿಟ್ಟರು: "ವಯಸ್ಸಾದವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೀರಾ? ಕುಡಿದು ಕುಣಿಯುವುದು ಬಿಟ್ಟರೆ ಅಲ್ಲಿ ಏನಿದೆ?"

ಏನಿದೆ ಎಂದು ನನಗೆ ಸ್ವಲ್ಪ ಗೊತ್ತಿತ್ತು. ಹಿಂದೊಮ್ಮೆ ಕೆಲಸದ ಮೇಲೆ ಹೋದಾಗ, ಬೆಳಗಿನ ಹತ್ತು ಗಂಟೆಯವರೆಗೆ ಆ ಊರಿಗೆ ಬೇರೆಯೇ ಮುಖವಿರುವುದನ್ನು ನೋಡಿದ್ದೆ. ಆ ಊರು ಬೆಳೆದದ್ದರ ಹಿಂದೆ ಕಬ್ಬು ಇದೆ ಎಂಬುದೂ ತಿಳಿದಿತ್ತು. ಅಪ್ಪನಿಗೆ ಅದನ್ನು ಮೊದಲೇ ಹೇಳಲಿಲ್ಲ.

ಹೋದದ್ದು ನವೆಂಬರ್ ಎರಡನೇ ವಾರ. ಜೂನ್‌ನಿಂದ ಶುರುವಾಗುವ ಚಂಡಮಾರುತದ ಕಾಲ ಮುಗಿಯುತ್ತಾ ಬಂದಿರುತ್ತದೆ, ಸೆಕೆ ಇಳಿದಿರುತ್ತದೆ, ಮಾರ್ಡಿ ಗ್ರಾ ಹಬ್ಬದ ನೂಕುನುಗ್ಗಲಿಗೆ ಇನ್ನೂ ಮೂರು ತಿಂಗಳು ಇರುತ್ತದೆ. ಭಾನುವಾರ ಹೋಗಿ ಗುರುವಾರ ಹೊರಟೆವು. ವಾರಾಂತ್ಯ ಕಳೆದರೆ ಹೋಟೆಲ್ ಬಾಡಿಗೆ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಆದರೆ ಉಳಿಸಿದ ಹಣದ ಒಂದು ಪಾಲನ್ನು ಕಾರು ನಿಲ್ಲಿಸುವುದಕ್ಕೇ ಕಟ್ಟಿದೆ. ದಿನಕ್ಕೆ 45 ಡಾಲರ್! ಕೋಣೆ ಕಾಯ್ದಿರಿಸುವಾಗ ಆ ಸಾಲನ್ನು ನಾನು ಓದಿರಲಿಲ್ಲ. ಹಳೆಯ ಊರಿನೊಳಗೆ ಉಳಿಯುವವರು ಇದನ್ನು ಮೊದಲೇ ಕೇಳಿಕೊಳ್ಳಿ. ಒಮ್ಮೆ ನಿಲ್ಲಿಸಿದ ಕಾರನ್ನು ಗುರುವಾರದವರೆಗೆ ನಾವು ಮುಟ್ಟಲಿಲ್ಲ, ಮುಟ್ಟುವ ಅಗತ್ಯವೂ ಬರಲಿಲ್ಲ.

ಹ್ಯೂಸ್ಟನ್‌ನಿಂದ ಐ-10 ಹೆದ್ದಾರಿಯಲ್ಲಿ ಸುಮಾರು 560 ಕಿಲೋಮೀಟರ್. ಬೆಳಗಿನ ಐದಕ್ಕೆ ಹೊರಟು, ಅಮ್ಮ ಕಟ್ಟಿಕೊಂಡಿದ್ದ ಪುಳಿಯೋಗರೆಯನ್ನು ದಾರಿಯಲ್ಲಿ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಕೋಣೆ ಸಿಗಲು ಇನ್ನೂ ಎರಡು ಗಂಟೆ ಇತ್ತು. ಸುಮ್ಮನೆ ಕೂರುವ ಬದಲು ಟ್ರೆಮೆ ಎಂಬ ಪಕ್ಕದ ಬಡಾವಣೆಯ ಕಡೆ ನಡೆದೆವು. ಅಲ್ಲಿನ ಲೂಯಿ ಆರ್ಮ್‌ಸ್ಟ್ರಾಂಗ್ ಉದ್ಯಾನದೊಳಗೆ ಕಲ್ಲು ಹಾಸಿದ ಒಂದು ಬಯಲಿದೆ, ಕಾಂಗೊ ಸ್ಕ್ವೇರ್. ಗುಲಾಮರಾಗಿದ್ದ ಆಫ್ರಿಕನ್ನರು ಭಾನುವಾರಗಳಂದು ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದ ಜಾಗ. 1817ರಲ್ಲಿ ನಗರಾಡಳಿತ ಇಂಥ ಕೂಟಗಳನ್ನು ಒಂದೇ ಕಡೆಗೆ ಸೀಮಿತಗೊಳಿಸಿದ ಮೇಲೆ ಇದೇ ಅವರ ಬಯಲಾಯಿತು. ಜಾಝ್ ಸಂಗೀತದ ಬೇರು ಹುಡುಕುವವರು ಕೊನೆಗೆ ಇಲ್ಲಿಗೇ ಬರುತ್ತಾರೆ. ನೋಡುವುದಕ್ಕೆ ಹೆಚ್ಚೇನೂ ಇಲ್ಲ: ಓಕ್ ಮರಗಳು, ಸುತ್ತುಸುತ್ತಾಗಿ ಹಾಸಿದ ಕಲ್ಲು, ಒಂದು ಫಲಕ.

ಅಲ್ಲಿಂದ ಹೊರಬರುವಾಗ ಕಹಳೆಯ ಸದ್ದು ಕೇಳಿತು. ಎರಡು ಬೀದಿ ಆಚೆ ಮೆರವಣಿಗೆ. ಮುಂದೆ ಒಂದೇ ಬಣ್ಣದ ಸೂಟು ತೊಟ್ಟ ಸಂಘದವರು, ಹಿಂದೆ ಹಿತ್ತಾಳೆ ವಾದ್ಯದವರು, ಅವರ ಹಿಂದೆ ಕುಣಿಯುತ್ತಾ ಸೇರಿಕೊಂಡ ದಾರಿಹೋಕರು. ಆ ಹಿಂದಿನ ಗುಂಪಿನಿಂದಲೇ ಇದಕ್ಕೆ 'ಸೆಕೆಂಡ್ ಲೈನ್' ಎಂಬ ಹೆಸರು. ವರ್ಷದ ಬಹುಪಾಲು ಭಾನುವಾರಗಳಂದು ಒಂದಲ್ಲ ಒಂದು ಸಂಘದ ಮೆರವಣಿಗೆ ಇರುತ್ತದೆ. ಇದರ ಮೂಲ ಸಾವಿನ ಮನೆಯಲ್ಲಿದೆ. ಕಪ್ಪು ಜನರು ಚಂದಾ ಎತ್ತಿ ಕಟ್ಟಿಕೊಂಡ ನೆರವಿನ ಸಂಘಗಳು ಸದಸ್ಯರ ಅಂತ್ಯಸಂಸ್ಕಾರವನ್ನು ನೋಡಿಕೊಳ್ಳುತ್ತಿದ್ದವು. ಸ್ಮಶಾನಕ್ಕೆ ಹೋಗುವಾಗ ನಿಧಾನದ ಶೋಕರಾಗ, ಮಣ್ಣು ಮಾಡಿ ಹಿಂದಿರುಗುವಾಗ ಕುಣಿತದ ರಾಗ. ಅಪ್ಪನಿಗೆ ಇಷ್ಟು ವಿವರಿಸುವಷ್ಟರಲ್ಲಿ, "ನಮ್ಮ ಅಜ್ಜನನ್ನು ತಮಟೆ ಬಾರಿಸಿಕೊಂಡೇ ಕಳಿಸಿದ್ದು, ಇದರಲ್ಲಿ ಹೊಸದೇನಿದೆ?" ಎಂದರು. ಅಮ್ಮನ ಕೈಯಲ್ಲಿ ಕರವಸ್ತ್ರವಿತ್ತು. ಪಕ್ಕದ ಹೆಂಗಸೊಬ್ಬರು ತಮ್ಮದನ್ನು ತಲೆಯ ಮೇಲೆ ಬೀಸುತ್ತಾ ಅಮ್ಮನಿಗೆ ಕಣ್ಣಲ್ಲೇ ಹೇಳಿಕೊಟ್ಟರು. ಅಮ್ಮ ನನ್ನ ಕಡೆ ನೋಡಿದರು, ಅಪ್ಪನ ಕಡೆ ನೋಡಿದರು, ಆಮೇಲೆ ಎದೆಯ ಎತ್ತರಕ್ಕಷ್ಟೇ, ನೊಣ ಓಡಿಸುವವರಂತೆ, ಬೀಸಿದರು.

ಸೋಮವಾರ ಆರೂವರೆಗೇ ಎದ್ದು ಹೊರಟೆವು. ಕುಡಿದು ಕುಣಿಯುವವರಿಂದ ಹೆಸರಾದ ಬರ್ಬನ್ ಬೀದಿಯನ್ನು ಅಪ್ಪ ಅಮ್ಮನಿಗೆ ತೋರಿಸುವುದಿದ್ದರೆ ಅದೇ ಹೊತ್ತು. ನೀರಿನ ಲಾರಿಗಳು ನಿಂಬೆಯ ವಾಸನೆಯ ದ್ರಾವಣ ಹಾಕಿ ರಾತ್ರಿಯ ಪಾಪವನ್ನೆಲ್ಲ ತೊಳೆಯುತ್ತಿರುತ್ತವೆ, ಅಂಗಡಿಯವರು ಪೀಪಾಯಿ ಉರುಳಿಸುತ್ತಿರುತ್ತಾರೆ. ತಲೆಯೆತ್ತಿ ನೋಡಿದರೆ ಬೀಡುಕಬ್ಬಿಣದ ಕಸೂತಿಯಂಥ ಬಾಲ್ಕನಿಗಳು, ಅವುಗಳಿಂದ ಜೋತುಬಿದ್ದ ಜರೀಗಿಡಗಳು. ಈ ಹಳೆಯ ಊರನ್ನು ಫ್ರೆಂಚ್ ಕ್ವಾರ್ಟರ್ ಎಂದು ಕರೆದರೂ ಕಟ್ಟಡಗಳ ಚರ್ಯೆ ಬಹುಪಾಲು ಸ್ಪೇನಿನದು. 1718ರಲ್ಲಿ ಫ್ರೆಂಚರು ಕಟ್ಟಿದ ಮರದ ಊರನ್ನು 1788 ಮತ್ತು 1794ರ ಬೆಂಕಿಗಳು ತಿಂದುಹಾಕಿದವು. ಆಗ ಆಳುತ್ತಿದ್ದ ಸ್ಪೇನಿನವರು ಇಟ್ಟಿಗೆ, ಗಾರೆಗಳಲ್ಲಿ ಮತ್ತೆ ಕಟ್ಟಿಸಿದರು. ಬೀದಿಗೆ ಅಂಟಿದ ಗೋಡೆ, ಒಳಗೆ ಆಕಾಶಕ್ಕೆ ತೆರೆದ ಅಂಗಳ. ತೆರೆದಿದ್ದ ಬಾಗಿಲೊಂದರಲ್ಲಿ ಇಣುಕಿದ ಅಮ್ಮ, "ತೊಟ್ಟಿಮನೆ!" ಎಂದು ಗುರುತು ಹಿಡಿದರು.

ಒಂದು ಎಚ್ಚರಿಕೆ. ಈ ಊರಿನ ಕಾಲುದಾರಿಗಳನ್ನು ಮರದ ಬೇರುಗಳು ಎತ್ತಿ ಒಡೆದಿವೆ. ಅಪ್ಪ ಊರುಗೋಲು ಹಿಡಿದಿದ್ದರು, ಆದರೂ ನನಗೆ ಇಡೀ ದಿನ ಅವರ ಪಾದದ ಮೇಲೆಯೇ ಕಣ್ಣು. ಇನ್ನೊಂದು, ಸಾರ್ವಜನಿಕ ಶೌಚಾಲಯ ಅಪರೂಪ. ಫ್ರೆಂಚ್ ಮಾರುಕಟ್ಟೆಯಲ್ಲಿದೆ. ಪ್ರತಿ ಬೆಳಗಿನ ನಡಿಗೆಯನ್ನೂ ನಾನು ಅದನ್ನು ನಡುವಿನ ಗೂಟವಾಗಿ ಇಟ್ಟುಕೊಂಡೇ ಯೋಜಿಸಿದ್ದು.

ಮಾರುಕಟ್ಟೆಯ ಮಗ್ಗುಲಲ್ಲೇ 1862ರಿಂದ ನಡೆಯುತ್ತಿರುವ ಕೆಫೆ ದು ಮೋಂಡ್. ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಕುರ್ಚಿ ಸಿಗುತ್ತದೆ, ಹತ್ತಕ್ಕೆ ಹೋದರೆ ಸಾಲು ಬೀದಿಯವರೆಗೆ. ಇಲ್ಲಿ ತಿನ್ನುವುದು ಬೆನ್ಯೆ: ಚೌಕಾಕಾರದ ಹಿಟ್ಟನ್ನು ಕರಿದು, ಮೇಲೆ ಪುಡಿಸಕ್ಕರೆಯ ಗುಡ್ಡ ಸುರಿದು, ಮೂರು ಮೂರರಂತೆ ಕೊಡುತ್ತಾರೆ. ಕಚ್ಚುವಾಗ ಉಸಿರು ಬಿಡಬಾರದು, ಒಳಗೂ ಎಳೆದುಕೊಳ್ಳಬಾರದು. ಅಪ್ಪ ಎರಡೂ ಮಾಡಿದರು; ಅವರ ಕಪ್ಪು ಸ್ವೆಟರ್ ವಿಭೂತಿ ಬಳಿದಂತಾಯಿತು.

ಅಮ್ಮನ ಗಮನವೆಲ್ಲ ಕಾಫಿಯ ಮೇಲೆ. ಒಂದು ಗುಟುಕು ಕುಡಿದು ಲೋಟವನ್ನು ಮೂಗಿಗೆ ಹಿಡಿದರು, ಇನ್ನೊಂದು ಗುಟುಕು ಕುಡಿದರು. "ಇದಕ್ಕೆ ಚಿಕೋರಿ ಹಾಕಿದ್ದಾರೆ." ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅಮೆರಿಕದ ಒಂದು ಲೋಟ ಅವರಿಗೆ ಒಪ್ಪಿಗೆಯಾಗಿತ್ತು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ನೌಕಾಪಡೆ ಈ ಬಂದರನ್ನು ಮುಚ್ಚಿದಾಗ ಕಾಫಿಬೀಜ ಬರುವುದು ನಿಂತಿತು. ಇದ್ದುದನ್ನು ಹಿಗ್ಗಿಸಲು ಫ್ರೆಂಚರಿಂದ ಕಲಿತಿದ್ದ ಉಪಾಯ, ಹುರಿದ ಚಿಕೋರಿ ಬೇರು, ಇಲ್ಲಿನ ನಾಲಿಗೆಗೆ ಅಂಟಿತು. ಯುದ್ಧ ಮುಗಿದರೂ ರುಚಿ ಹೋಗಲಿಲ್ಲ. ಬಿಸಿಹಾಲು ಅರ್ಧ, ಗಟ್ಟಿ ಡಿಕಾಕ್ಷನ್ ಅರ್ಧ. ಲೋಟ ಮತ್ತು ಬಟ್ಟಲು ಇದ್ದಿದ್ದರೆ ಅಮ್ಮ ಎತ್ತಿ ಹೊಯ್ದು ಆರಿಸಿಯೇ ಬಿಡುತ್ತಿದ್ದರು. ಹಳದಿ ಡಬ್ಬವೊಂದನ್ನು ಕೊಂಡುಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಚಿಕೋರಿ ಶೇಕಡಾ ಎಷ್ಟು ಎಂದು ಬರೆದೇ ಇಲ್ಲವಲ್ಲ" ಎಂದು ಅನುಮಾನಪಟ್ಟರು.

ಕೆಫೆಯ ಎದುರು ಜಾಕ್ಸನ್ ಚೌಕ, ಅದರಾಚೆ ಸೇಂಟ್ ಲೂಯಿ ಚರ್ಚು. ಹಿಂದೆ ತಿರುಗಿದರೆ ಮೆಟ್ಟಿಲುಗಳು. ಹತ್ತಿ ಮೇಲೆ ಹೋದರೆ ಏರಿ, ಏರಿಯ ಮೇಲೆ ನಿಂತರೆ ಮಿಸ್ಸಿಸಿಪ್ಪಿ. ಅಪ್ಪ ಅಲ್ಲಿ ನಿಂತು ಒಮ್ಮೆ ನೀರನ್ನು ನೋಡಿದರು, ಒಮ್ಮೆ ಹಿಂದಿರುಗಿ ಕೆಳಗಿನ ಊರನ್ನು ನೋಡಿದರು. "ಹೊಳೆಗೆ ಇಳಿಯುವುದು ಗೊತ್ತು. ಹೊಳೆಗೆ ಹತ್ತುವುದನ್ನು ಇಲ್ಲೇ ನೋಡಿದ್ದು." ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಬೇಸಾಯ ಮಾಡಿದವರು, ನೀರಿನ ಮಟ್ಟ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಊರಿನ ಅರ್ಧದಷ್ಟು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ ಎಂದೆ. "ಹಾಗಾದರೆ ಮಳೆನೀರು ಎಲ್ಲಿಗೆ ಹರಿಯುತ್ತದೆ?" ಎಂದರು. ಹರಿಯುವುದಿಲ್ಲ, ಪಂಪಿನಿಂದ ಎತ್ತಿ ಹೊರಗೆ ಹಾಕಬೇಕು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಡಿದಾಗ ಕಾಲುವೆಗಳ ತಡೆಗೋಡೆಗಳು ಒಡೆದು ಊರಿನ ಶೇಕಡಾ 80 ಭಾಗ ಮುಳುಗಿದ್ದನ್ನೂ ಹೇಳಿದೆ. ಅದರ ಪೂರ್ತಿ ಕಥೆಯನ್ನು ಬುಧವಾರ ಇದೇ ಚೌಕದ ಪ್ರೆಸ್ಬಿಟೇರ್ ವಸ್ತುಸಂಗ್ರಹಾಲಯದಲ್ಲಿ ನೋಡಿದೆವು. ಗಾಯಕ ಫ್ಯಾಟ್ಸ್ ಡಾಮಿನೋ ಅವರ ನೀರಲ್ಲಿ ಮುಳುಗಿದ್ದ ಪಿಯಾನೊ ಅಲ್ಲಿತ್ತು. ಅಪ್ಪ ಮಾತ್ರ ಪಿಯಾನೊ ಬಿಟ್ಟು, ಗೋಡೆ ಹೇಗೆ ಒಡೆಯಿತು ಎಂಬ ಚಿತ್ರದ ಮುಂದೆ ಕಾಲು ಗಂಟೆ ನಿಂತರು: ನೀರು ಮೇಲಿಂದ ಹಾಯ್ದದ್ದಷ್ಟೇ ಅಲ್ಲ, ಕೆಲವು ಕಡೆ ಬುಡದ ಮೆದುಮಣ್ಣೇ ಜಾರಿ ಗೋಡೆ ಸರಿದುಹೋಗಿತ್ತು. "ಕೆಳಗಿನ ಮಣ್ಣು ನೋಡದೆ ಕಟ್ಟಿದ್ದಾರೆ," ಅಂದರು.

ಊಟದ ವಿಷಯ. ನಮ್ಮಲ್ಲಿ ಕೋಳಿ, ಕುರಿ, ಮೀನು ನಡೆಯುತ್ತದೆ. ಹಂದಿ, ದನ ಇಲ್ಲ. ಅಮ್ಮ ಸೋಮವಾರ ಯಾವುದನ್ನೂ ಮುಟ್ಟುವುದಿಲ್ಲ. ಈ ಊರಿನಲ್ಲಿ ಸೋಮವಾರ ಎಂದರೆ ಕೆಂಪು ಕಾಳು ಮತ್ತು ಅನ್ನ. ಸೋಮವಾರ ಬಟ್ಟೆ ಒಗೆಯುವ ದಿನ. ಭಾನುವಾರದ ಅಡುಗೆಯಲ್ಲಿ ಉಳಿದ ಹಂದಿಯ ಮೂಳೆ ಹಾಕಿ ಕಾಳನ್ನು ಒಲೆಯ ಮೇಲಿಟ್ಟರೆ ಬಟ್ಟೆ ಮುಗಿಯುವಷ್ಟರಲ್ಲಿ ಬೆಂದಿರುತ್ತಿತ್ತು, ಅದೇ ಪದ್ಧತಿಯಾಗಿ ಉಳಿಯಿತು. ರಾಜ್ಮಾ ಅನ್ನ ಎಂದುಕೊಂಡು ಒಂದು ಹೋಟೆಲಿನಲ್ಲಿ ಕುಳಿತು, ಮಾಂಸವಿಲ್ಲದೆ ಕೊಡಿ ಎಂದೆ. ಆಗಲಿ ಎಂದರು. ತಟ್ಟೆ ಬಂದಾಗ ಮೇಲೆ ಇಡುವ ಸಾಸೇಜ್ ಇರಲಿಲ್ಲ, ಅಷ್ಟೇ. ಎರಡನೇ ತುತ್ತಿಗೆ ಅಮ್ಮನ ಚಮಚದಲ್ಲಿ ಎಳೆ ಎಳೆಯಾದ ಮಾಂಸ. ಅಮ್ಮ ಏನೂ ಹೇಳದೆ ತಟ್ಟೆ ಸರಿಸಿ, ಚೀಲದಿಂದ ಬಾಳೆಹಣ್ಣು ತೆಗೆದರು. ತಪ್ಪು ನನ್ನದೇ. "ಮಾಂಸ ಬೇಡ" ಎಂದರೆ ಇಲ್ಲಿ "ಮೇಲೆ ಮಾಂಸ ಇಡಬೇಡಿ" ಎಂಬ ಅರ್ಥ. "ಬೇಯಿಸುವಾಗ ಏನು ಹಾಕಿದ್ದೀರಿ?" ಎಂದು ಕೇಳಬೇಕು. ಆ ಮೇಲೆ ನಾನು ಅದನ್ನೇ ಕೇಳತೊಡಗಿದೆ. ಮಂಗಳವಾರ ಹಂದಿಯಿಲ್ಲದ ಸಿಗಡಿ ಗಂಬೊ ಸಿಕ್ಕಿತು. ಹಿಟ್ಟನ್ನು ಎಣ್ಣೆಯಲ್ಲಿ ಕಂದುಬಣ್ಣ ಬರುವವರೆಗೆ ಹುರಿದು, ಬೆಂಡೆಕಾಯಿ ಹಾಕಿ ಕುದಿಸುವ ಗಟ್ಟಿ ಸಾರು ಅದು. ಬೆಂಡೆಕಾಯಿಗೆ ಆಫ್ರಿಕಾದ ಬಂಟು ನುಡಿಗಳಲ್ಲಿರುವ ಹೆಸರಿನಿಂದಲೇ ಗಂಬೊ ಎಂಬ ಮಾತು ಬಂದಿದೆ ಎನ್ನುತ್ತಾರೆ. ಅಪ್ಪ ಅನ್ನವನ್ನು ಚಮಚದಲ್ಲೇ ಉಂಡೆ ಮಾಡಲು ನೋಡಿ, ಸೋತು, ಸುತ್ತ ಕಣ್ಣಾಡಿಸಿ ಕೈಯಲ್ಲೇ ಉಂಡರು. ಯಾರೂ ತಿರುಗಿ ನೋಡಲಿಲ್ಲ.

ಮಂಗಳವಾರವನ್ನು ಪೂರ್ತಿ ಟ್ರಾಮಿಗೆ ಕೊಟ್ಟೆವು. ಸೇಂಟ್ ಚಾರ್ಲ್ಸ್ ಮಾರ್ಗ 1835ರಲ್ಲಿ ಶುರುವಾದದ್ದು. ಈಗ ಓಡುವ ಹಸಿರು ಬಂಡಿಗಳು 1920ರ ದಶಕದವು. ನಾವು ಹೋದಾಗ ಒಂದು ಸಲಕ್ಕೆ 1.25 ಡಾಲರ್, ದಿನದ ಪಾಸಿಗೆ 3 ಡಾಲರ್. ಹವಾನಿಯಂತ್ರಣ ಇಲ್ಲ, ಕಿಟಕಿ ಎತ್ತಿ ಕೂರಬೇಕು. ಓಕ್ ಮರಗಳು ಕೈಗೆ ತಗಲುವಂತೆ ಬರುತ್ತವೆ, ಹಿಂದಿನ ಮಾರ್ಡಿ ಗ್ರಾದಲ್ಲಿ ಎಸೆದ ಮಣಿಸರಗಳು ಕೊಂಬೆಗಳಲ್ಲಿ ಇನ್ನೂ ನೇತಾಡುತ್ತಿರುತ್ತವೆ. ಕೊನೆಯ ನಿಲ್ದಾಣದಲ್ಲಿ ಬಂಡಿ ತಿರುಗುವುದಿಲ್ಲ. ಚಾಲಕಿ ಎದ್ದು ಬಂದು ಮರದ ಸೀಟುಗಳ ಬೆನ್ನನ್ನು ಒಂದೊಂದಾಗಿ ಆ ಬದಿಯಿಂದ ಈ ಬದಿಗೆ ತಳ್ಳಿ, ಇನ್ನೊಂದು ತುದಿಯಲ್ಲಿ ಕೂರುತ್ತಾರೆ. ಅಪ್ಪ ಎದ್ದುನಿಂತು ತಮ್ಮ ಸೀಟನ್ನು ತಾವೇ ತಳ್ಳಿದರು. ಇಂಥದೇ ಸೀಟುಗಳ ಬೆನ್ನಿಗೆ ಹಿಂದೆ ಒಂದು ಹಲಗೆ ಸಿಕ್ಕಿಸುತ್ತಿದ್ದರು: ಅದರ ಹಿಂದೆ ಕಪ್ಪು ಜನ, ಮುಂದೆ ಬಿಳಿಯರು. ಬಿಳಿಯರು ಹೆಚ್ಚಾದರೆ ಹಲಗೆಯನ್ನು ಹಿಂದಕ್ಕೆ ಸರಿಸುವುದು. 1958ರವರೆಗೆ ಅದು ನಡೆಯಿತು.

ದಾರಿಯಲ್ಲಿ ಆಡುಬಾನ್ ಉದ್ಯಾನದಲ್ಲಿ ಇಳಿದೆವು. ಇಲ್ಲಿ ನಾನು ಬಚ್ಚಿಟ್ಟಿದ್ದ ವಿಷಯ ಹೊರತೆಗೆದೆ. ಈ ಹುಲ್ಲುಹಾಸು ಒಂದು ಕಾಲದಲ್ಲಿ ಎತಿಯೆನ್ ದ ಬೋರೆ ಎಂಬವನ ಕಬ್ಬಿನ ತೋಟ. ಚಳಿಯಿರುವ ಈ ನೆಲದ ಕಬ್ಬಿನಿಂದ ಪಾಕ ಬರುತ್ತಿತ್ತೇ ವಿನಾ ಲಾಭವಾಗುವಷ್ಟು ಹರಳು ಕಟ್ಟುತ್ತಿರಲಿಲ್ಲ. 1795ರಲ್ಲಿ, ಕೆರಿಬಿಯನ್ ದ್ವೀಪಗಳ ಕುಶಲಿಗಳ ನೆರವಿನಿಂದ, ಅವನು ಹರಳು ಕಟ್ಟಿಸಿ ತೋರಿಸಿದ. ಹೈಟಿಯಲ್ಲಿ ಗುಲಾಮರು ದಂಗೆಯೆದ್ದು ಅಲ್ಲಿನ ಸಕ್ಕರೆ ನಿಂತುಹೋಗಿದ್ದ ಹೊತ್ತು; ಲೂಸಿಯಾನದ ನದೀದಂಡೆಯೆಲ್ಲ ಕಬ್ಬಾಯಿತು. ಅದರ ಜೊತೆಗೇ ನ್ಯೂ ಆರ್ಲಿಯನ್ಸ್ ಇಡೀ ದೇಶದ ದೊಡ್ಡ ಗುಲಾಮರ ಸಂತೆಯಾಯಿತು. ಅಪ್ಪ ಬೆಂಚಿನ ಮೇಲೆ ಕುಳಿತು, "ಹದ ಗೊತ್ತಿಲ್ಲದವನಿಗೆ ಸಕ್ಕರೆ ಬರುವುದಿಲ್ಲ. ಹದ ನೋಡಿದವನು ಯಾರೋ, ಹೆಸರು ಯಾರದೋ" ಎಂದು ಗೊಣಗಿದರು.

ಆ ಸಂಜೆ ಪ್ರಿಸರ್ವೇಶನ್ ಹಾಲ್. 1961ರಿಂದ ಹಳೆಯ ಜಾಝ್ ನುಡಿಸುತ್ತಿರುವ ಸಣ್ಣ ಕೋಣೆ, ಸುಣ್ಣ ಉದುರಿದ ಗೋಡೆ, ನಾಲ್ಕಾರು ಮರದ ಬೆಂಚು, ಮುಕ್ಕಾಲು ಗಂಟೆಯ ಕಛೇರಿ. ಮದ್ಯ ಮಾರುವುದಿಲ್ಲ, ಫೋಟೊ ತೆಗೆಯಲು ಬಿಡುವುದಿಲ್ಲ. ಹಿರಿಯರನ್ನು ಕರೆದೊಯ್ಯುವವರು ಕುಳಿತುಕೊಳ್ಳುವ ಟಿಕೆಟ್ಟನ್ನೇ ಮುಂಚಿತವಾಗಿ ಕೊಳ್ಳಿ, ಅಗ್ಗದ ಟಿಕೆಟ್ಟಿನಲ್ಲಿ ನಿಂತೇ ಕೇಳಬೇಕಾಗುತ್ತದೆ. ಅಲ್ಲಿಂದ ಬರುವಾಗ ಬರ್ಬನ್ ಬೀದಿ ದಾಟಲೇಬೇಕಾಯಿತು. ಹುಡುಗನೊಬ್ಬ ಅಪ್ಪನನ್ನು ತಡೆದು, "ನಿಮ್ಮ ಶೂ ಎಲ್ಲಿ ಸಿಕ್ಕಿತು ಎಂದು ನಾನು ಹೇಳುತ್ತೇನೆ, ಇಪ್ಪತ್ತು ಡಾಲರ್ ಪಂಥ" ಎಂದ. ನಾನು ಅನುವಾದಿಸಿದೆ. ಮೈಸೂರಿನಲ್ಲಿ ಕೊಂಡ ಶೂ. ಅಪ್ಪ ಹುರುಪಿನಿಂದ ಒಪ್ಪಿಯೇಬಿಟ್ಟರು. "ನಿಮ್ಮ ಕಾಲಲ್ಲಿ, ಬರ್ಬನ್ ಬೀದಿಯಲ್ಲಿ ಸಿಕ್ಕಿದೆ!" ಹಳೆಯ ವರಸೆ, ನನಗೆ ಗೊತ್ತಿತ್ತು, ಅಪ್ಪನ ಮುಖ ನೋಡುವ ಆಸೆಗೆ ಸುಮ್ಮನಿದ್ದೆ. ಐದು ಡಾಲರ್ ಕೊಟ್ಟು ಬಿಡಿಸಿಕೊಂಡೆವು.

ಬುಧವಾರ ಬೆಳಿಗ್ಗೆ ಒಂದನೇ ಸೇಂಟ್ ಲೂಯಿ ಸ್ಮಶಾನ, 1789ರದು. ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ 2015ರಿಂದ ಒಳಗೆ ಬಿಡುವುದಿಲ್ಲ. ಗೋರಿಗಳೆಲ್ಲ ನೆಲದ ಮೇಲೆ ಕಟ್ಟಿದ ಪುಟ್ಟ ಮನೆಗಳು. ಒಂದು ವರ್ಷ ಒಂದು ದಿನ ಕಳೆದ ಮೇಲೆ, ಬಿಸಿಲಿನ ಕಾವಿಗೆ ಉಳಿದಿರುವ ಮೂಳೆಗಳನ್ನು ಒಳಗೆ ಸರಿಸಿ, ಅದೇ ಗೂಡಿನಲ್ಲಿ ಮನೆಯ ಮುಂದಿನವರನ್ನು ಇಡುತ್ತಾರೆ. ಜನರು ಮುತ್ತುವುದು ಮಾಟಗಾತಿಯೆಂದು ಹೆಸರಾದ ಮೇರಿ ಲಾವೋ ಗೋರಿಯನ್ನು. ನಾನು ಹುಡುಕಿದ್ದು ಹೋಮರ್ ಪ್ಲೆಸಿಯನ್ನು. 1892ರಲ್ಲಿ ಬಿಳಿಯರ ರೈಲು ಡಬ್ಬಿಯಲ್ಲಿ ಬೇಕೆಂದೇ ಕುಳಿತು ಬಂಧನಕ್ಕೊಳಗಾದವನು ಅವನು. 1896ರಲ್ಲಿ ಸುಪ್ರೀಂ ಕೋರ್ಟ್ ಅವನ ವಿರುದ್ಧ ಕೊಟ್ಟ ತೀರ್ಪೇ ದಶಕಗಳ ಕಾಲ ಟ್ರಾಮಿನ ಆ ಹಲಗೆಗಳಿಗೆಲ್ಲ ಆಧಾರವಾಯಿತು. 2022ರ ಜನವರಿಯಲ್ಲಿ ರಾಜ್ಯಪಾಲರು ಅವನಿಗೆ ಕ್ಷಮಾದಾನ ಕೊಟ್ಟರು. ಗೋರಿ ತೀರಾ ಸಾದಾ.

ಮಧ್ಯಾಹ್ನ ಎರಡು ಡಾಲರ್ ಕೊಟ್ಟು ದೋಣಿಯಲ್ಲಿ ಆಲ್ಜಿಯರ್ಸ್ ದಂಡೆಗೆ ಹೋಗಿ ಬಂದೆವು. ದುಬಾರಿ ಹಡಗಿನ ವಿಹಾರಕ್ಕಿಂತ ಇದೇ ವಾಸಿ. ಹೊಳೆ ಊರನ್ನು ಕುಡುಗೋಲಿನಂತೆ ಬಳಸಿರುವುದು ನಡುನೀರಿನಿಂದ ಚೆನ್ನಾಗಿ ಕಾಣುತ್ತದೆ. ಎರಡನೇ ಮಹಾಯುದ್ಧದ ವಸ್ತುಸಂಗ್ರಹಾಲಯವನ್ನು ಬಿಟ್ಟುಬಿಟ್ಟೆವು. ಅದಕ್ಕೆ ಒಂದು ಪೂರ್ತಿ ದಿನ ಬೇಕು, ಅಮ್ಮನ ಮಂಡಿಗೆ ಅಷ್ಟು ಶಕ್ತಿ ಉಳಿದಿರಲಿಲ್ಲ.

ಗುರುವಾರ ಹಿಂದಿರುಗುವ ದಾರಿಯಲ್ಲಿ, ಊರಿನಿಂದ ಒಂದು ಗಂಟೆ ದೂರದ ವಿಟ್ನಿ ಪ್ಲಾಂಟೇಶನ್‌ಗೆ ಹೋದೆವು. ಅದಕ್ಕೆ ಮಂಗಳವಾರ ರಜೆ. ನದಿದಂಡೆಯುದ್ದಕ್ಕೂ ಧಣಿಗಳ ಬಂಗಲೆ ತೋರಿಸುವ ತೋಟಗಳು ಹಲವಿವೆ. 2014ರಲ್ಲಿ ತೆರೆದ ಇದು ಗುಲಾಮರ ಬದುಕನ್ನೇ ತೋರಿಸಲು ಮೀಸಲಾದದ್ದು. ದಾರಿಯಲ್ಲೇ ಕಬ್ಬು ಕಟಾವು ನಡೆಯುತ್ತಿತ್ತು. ಅಪ್ಪ ಕಾರು ನಿಲ್ಲಿಸಲು ಹೇಳಿ, ಬೇಲಿಯಾಚೆಗೆ ಯಂತ್ರವೊಂದು ಕಬ್ಬನ್ನು ತುಂಡು ಮಾಡಿ ಬಂಡಿಗೆ ಉಗುಳುವುದನ್ನು ನೋಡಿದರು. "ಕೂಳೆ ಬಿಡುತ್ತಾರೆ," ಎಂದು ಬುಡಗಳನ್ನು ನೋಡಿ ಹೇಳಿದರು. "ಸಾಲು ಮಾತ್ರ ಬಹಳ ಅಗಲ."

ಒಳಗೆ ಹೋಗುವಾಗ ಕೊರಳಿಗೆ ಹಾಕಿಕೊಳ್ಳಲು ಒಂದೊಂದು ಚೀಟಿ ಕೊಟ್ಟರು. ಅದರ ಮೇಲೆ ಒಂದು ಮಗುವಿನ ಶಿಲ್ಪದ ಚಿತ್ರ, ಹಿಂದೆ ಆ ಮಗು ಮುಪ್ಪಿನಲ್ಲಿ, 1930ರ ದಶಕದಲ್ಲಿ, ಸರ್ಕಾರದ ಬರಹಗಾರರಿಗೆ ಹೇಳಿದ ನಾಲ್ಕು ಮಾತು. ಚರ್ಚಿನೊಳಗೆ ಆ ಮಕ್ಕಳೇ ಆಳೆತ್ತರದ ಶಿಲ್ಪಗಳಾಗಿ ಬೆಂಚುಗಳ ನಡುವೆ ನಿಂತಿದ್ದಾರೆ. ಆಚೆಗೆ ಲೂಸಿಯಾನದಲ್ಲಿ ಗುಲಾಮರಾಗಿದ್ದ 1,07,000 ಜನರ ಹೆಸರು ಕೆತ್ತಿದ ಕಪ್ಪುಕಲ್ಲಿನ ಸಾಲುಗೋಡೆ. ಅಮ್ಮ ಎಳೆಯ ಮಕ್ಕಳ ಸ್ಮಾರಕದ ಬಳಿ ಕುಳಿತರು, ಮುಂದಕ್ಕೆ ಬರಲಿಲ್ಲ. ಆ ಒಂದು ಪ್ಯಾರಿಷ್‌ನಲ್ಲೇ (ಇಲ್ಲಿ ಜಿಲ್ಲೆಗೆ ಹಾಗೆನ್ನುತ್ತಾರೆ) ಸತ್ತ 2,200 ಗುಲಾಮ ಮಕ್ಕಳ ಹೆಸರುಗಳಿವೆ ಅಲ್ಲಿ.

ಅಪ್ಪ ನಿಂತದ್ದು ಕೊಪ್ಪರಿಗೆಗಳ ಮುಂದೆ. ಕಬ್ಬಿಣದ ಅರೆಗೋಳಗಳು, ತುಕ್ಕು ಹಿಡಿದು ಕೆಂಪಾದವು. ಅವನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಒಲೆಯ ಮೇಲೆ ಕೂರಿಸಿ, ರಸ ಕುದಿದು ಗಟ್ಟಿಯಾದಂತೆ ಉದ್ದ ಹಿಡಿಯ ಸೌಟಿನಿಂದ ಒಂದರಿಂದ ಇನ್ನೊಂದಕ್ಕೆ ಮೊಗೆದು ಹಾಕುತ್ತಿದ್ದರಂತೆ. ಕಟಾವಿನ ತಿಂಗಳುಗಳಲ್ಲಿ ಹಗಲೂ ರಾತ್ರಿಯೂ. ಅಪ್ಪ ಬಗ್ಗಿ ಒಂದರ ಅಂಚಿನ ಮೇಲೆ ಅಂಗೈ ಇಟ್ಟರು. ಅವರ ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ನುಣುಪಾದ ಗಾಯದ ಗುರುತಿದೆ, ನಾನು ಹುಟ್ಟುವ ಮೊದಲಿನದು, ಪಾಕ ಸಿಡಿದದ್ದು. ಅದರ ಬಗ್ಗೆ ಅವರು ಏನೂ ಹೇಳಲಿಲ್ಲ. "ಮಡ್ಡಿ ತೆಗೆಯುವವನು ಯಾವ ಕಡೆ ನಿಲ್ಲುತ್ತಿದ್ದ?" ಎಂದು ಮಾತ್ರ ಕೇಳಿದರು. ಮಾರ್ಗದರ್ಶಿ ಹೆಂಗಸಿಗೆ ಪ್ರಶ್ನೆಯನ್ನು ದಾಟಿಸಿದೆ. ಅವರು ಕೈಯಲ್ಲೇ ಒಲೆಯ ಗೋಡೆ, ಕೊಪ್ಪರಿಗೆಗಳ ಸಾಲು, ಆಳು ನಿಲ್ಲುವ ಜಾಗ ತೋರಿಸಿದರು. ಅಪ್ಪ ತಲೆಯಾಡಿಸಿದರು.

ಮೂರು ಗಂಟೆಗೆ ಹೊರಟೆವು. ಬ್ಯಾಟನ್ ರೂಜ್ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಅಚಾಫಲಾಯ ಜೌಗಿನ ಮೇಲೆ ಹೆದ್ದಾರಿ 29 ಕಿಲೋಮೀಟರ್ ಉದ್ದದ ಸೇತುವೆಯಾಗಿ ಹೋಗುತ್ತದೆ; ಸಂಜೆಯ ಬೆಳಕಿನಲ್ಲಿ ಸೈಪ್ರೆಸ್ ಮರಗಳ ಬುಡವೆಲ್ಲ ನೀರೊಳಗೆ. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು, ಹಳದಿ ಡಬ್ಬ ಮಡಿಲಲ್ಲಿತ್ತು. ಸೇತುವೆಯ ನಡುವಿನಲ್ಲಿ ಅಪ್ಪ ಇದ್ದಕ್ಕಿದ್ದಂತೆ, "ಆ ದೊಡ್ಡ ಕೊಪ್ಪರಿಗೆ ಎಷ್ಟು ಲೀಟರ್ ಹಿಡಿಯಬಹುದು?" ಎಂದರು. ನನಗೆ ತಿಳಿಯದು ಎಂದೆ. ಅವರು ಬೆರಳು ಮಡಚಿ ಶುರುಮಾಡಿದರು: ನಮ್ಮದು ಇಷ್ಟು ಅಗಲ, ಅದು ಅಷ್ಟು ಅಗಲ, ಒಂದು ಅಡಿಗೆಗೆ ಇಷ್ಟು ರಸ, ರಾತ್ರಿಗೆ ಎಷ್ಟು ಅಡಿಗೆ, ಸೌಟಿಗೆ ಎಷ್ಟು ಜನ. ಲಾಫಯೆಟ್ ಬರುವವರೆಗೂ ಲೆಕ್ಕ ಹಾಕುತ್ತಲೇ ಇದ್ದರು.